ಆರ್‌ಸಿಐ ನವೀಕರಣ: ಸ್ಪೆಷಲ್ ಟೀಚರ್ ಆಗಿ ಉಳಿಯಲು ಪಟ್ಟ ಪಾಡು

ಕಳೆದ ವಾರ ನನ್ನ ಆರ್‌ಸಿಐ ನೋಂದಣಿ ನವೀಕರಣ ಆಗಿ ಬಂತು. ಇನ್ನು ಐದು ವರ್ಷ ನಾನು ಕಾನೂನಿನ ಲೆಕ್ಕದಲ್ಲೂ ಸ್ಪೆಷಲ್ ಟೀಚರ್, ಅಂದರೆ ವಿಶೇಷ ಅಗತ್ಯದ ಮಕ್ಕಳಿಗೆ ಕಲಿಸುವವಳು. ಬೇಸಿಗೆ ರಜೆಗೆ ಮೊದಲು ಹಿಡಿದ ಕೆಲಸ ಮುಗಿದದ್ದು ದಸರಾ ಕಳೆದ ಮೇಲೆ. ನಡುವೆ ಎಷ್ಟೋ ಸಲ ‘ಸಾಕಪ್ಪಾ, ಬಿಟ್ಟುಬಿಡೋಣ’ ಅನಿಸಿತು. ಜೊತೆಗಿದ್ದ ಒಬ್ಬರು ಬಿಟ್ಟೂಬಿಟ್ಟರು. ಚಿಕ್ಕ ಊರಿನ ವಿಶೇಷ ಶಾಲೆಗಳಲ್ಲಿ ಇರುವ ನಮ್ಮಂಥವರಿಗೆ ಇದನ್ನೆಲ್ಲ ಕೇಳೋಣವೆಂದರೆ ಯಾರೂ ಸಿಗುವುದಿಲ್ಲ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಆರ್‌ಸಿಐ ಅಂದರೆ ಭಾರತೀಯ ಪುನರ್ವಸತಿ ಪರಿಷತ್ತು. 1992ರ ಕಾಯ್ದೆಯಿಂದ ಹುಟ್ಟಿದ್ದು, 1993ರ ಜೂನ್‌ನಿಂದ ಶಾಸನಬದ್ಧ ಸಂಸ್ಥೆ. ಸ್ಪೆಷಲ್ ಡಿ.ಎಡ್., ಸ್ಪೆಷಲ್ ಬಿ.ಎಡ್. ಮಾಡಿದವರು, ಮಾತಿನ ಥೆರಪಿ ಕೊಡುವವರು, ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು, ಹೀಗೆ ಈ ಕ್ಷೇತ್ರದವರ ಹೆಸರೆಲ್ಲ ಅದರ ಕೇಂದ್ರ ಪುನರ್ವಸತಿ ರಿಜಿಸ್ಟರ್‌ನಲ್ಲಿ ಇರಬೇಕು. ಅದನ್ನೇ ನಾವು ಸಿಆರ್‌ಆರ್ ಅನ್ನುವುದು. ಹೆಸರಿಲ್ಲದೆ ಕೆಲಸ ಮಾಡಿದರೆ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಜೈಲು, ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನೋಂದಣಿ ಐದು ವರ್ಷ ಸಿಂಧು. ಆ ಐದು ವರ್ಷದಲ್ಲಿ 100 ಸಿಆರ್‌ಇ ಅಂಕ ಗಳಿಸಿದರೆ ನವೀಕರಣ. ಸಿಆರ್‌ಇ ಅಂದರೆ ಕೆಲಸದಲ್ಲಿ ಇದ್ದುಕೊಂಡೇ ಕಲಿಯುವುದು. ಪರಿಷತ್ತು ಒಪ್ಪಿಗೆ ಕೊಟ್ಟ ಕಾರ್ಯಾಗಾರ, ಸೆಮಿನಾರುಗಳಿಗೆ ಹೋದರೆ ಅಂಕ ಸೇರುತ್ತದೆ.

ಕೇಳುವುದಕ್ಕೆ ನ್ಯಾಯವಾಗಿಯೇ ಇದೆ, ಅಲ್ವಾ? ನನಗೂ ಹಾಗೇ ಅನಿಸುತ್ತದೆ. ಹದಿನೈದು ವರ್ಷದ ಹಿಂದೆ ಕಲಿತದ್ದನ್ನೇ ಇಟ್ಟುಕೊಂಡು ಇವತ್ತಿನ ಆಟಿಸಂ ಮಗುವಿಗೆ ಪಾಠ ಮಾಡಲು ಆಗುವುದಿಲ್ಲ. ತಕರಾರು ಇರುವುದು ನಿಯಮದ ಬಗ್ಗೆ ಅಲ್ಲ. ಅದರ ಖರ್ಚು, ರಜೆ, ಓಡಾಟ ಎಲ್ಲ ಟೀಚರ್ ತಲೆ ಮೇಲೇ ಬೀಳುತ್ತಿರುವುದರ ಬಗ್ಗೆ.

ನಾನಿರುವುದು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ. ಸಂಸ್ಥೆಯೊಂದು ನಡೆಸುವ, ಬೌದ್ಧಿಕ ಸವಾಲಿರುವ ಮಕ್ಕಳ ಶಾಲೆ. ಅನುದಾನದ ಕಂತು ಬಂದಾಗ ನಮಗೆ ಸಂಬಳ. ತಿಂಗಳಿಗೆ ಲೆಕ್ಕ ಹಾಕಿದರೆ 15,000ದ ಒಳಗೇ.

ಈ ವರ್ಷ ಮಾರ್ಚ್‌ನಲ್ಲಿ ಹೆಡ್ ಮೇಡಂ ಎಲ್ಲರ ಆರ್‌ಸಿಐ ಸರ್ಟಿಫಿಕೇಟಿನ ಜೆರಾಕ್ಸ್ ಕೇಳಿದರು. ತಪಾಸಣೆಗೆ ಬರುವವರು ಮೊದಲು ನೋಡುವುದೇ ಆ ಫೈಲು. ನನ್ನದು ಈ ವರ್ಷದ ಕೊನೆಗೆ ಮುಗಿಯುತ್ತಿತ್ತು. ಪಕ್ಕದ ಕ್ಲಾಸಿನ ಟೀಚರದ್ದು ಅದಕ್ಕೂ ಮೊದಲೇ. “ಅಂಕ ಎಷ್ಟಿದೆ ನೋಡಿಕೊಳ್ರಮ್ಮ” ಅಂದರು ಮೇಡಂ. ಅವತ್ತೇ ಸಂಜೆ ಲಾಗಿನ್ ಮಾಡಿ ನೋಡಿದೆ. ನನ್ನ ಪ್ರಕಾರ ನೂರರ ಹತ್ತಿರ ಇರಬೇಕಿತ್ತು. ಅಲ್ಲಿ ಕಂಡದ್ದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ.

ಎಲ್ಲಿ ಹೋಯಿತು ಅಂತ ಹುಡುಕಿದಾಗ ಗೊತ್ತಾಯಿತು. ಲಾಕ್‌ಡೌನ್ ಆದ ಮೇಲಿನ ದಿನಗಳಲ್ಲಿ ಒಂದು ಸಂಸ್ಥೆ ನಡೆಸಿದ ಆನ್‌ಲೈನ್ ಕಾರ್ಯಕ್ರಮದ ಅಂಕ ನನ್ನ ಖಾತೆಗೆ ಬಂದೇ ಇರಲಿಲ್ಲ. ಸರ್ಟಿಫಿಕೇಟ್ ನನ್ನ ಮೇಲ್‌ನಲ್ಲಿದೆ, ಹಣ ಕಟ್ಟಿದ ಮೆಸೇಜೂ ಇದೆ. ಆದರೆ ಹಾಜರಿ ಪಟ್ಟಿ ಅಪ್‌ಲೋಡ್ ಮಾಡಬೇಕಾದವರು ಆ ಸಂಸ್ಥೆಯವರು. ಫೋನ್ ಮಾಡಿದೆ. ಅಂದಿನ ಕೋಆರ್ಡಿನೇಟರ್ ಕೆಲಸ ಬಿಟ್ಟಿದ್ದಾರಂತೆ. (ಅವರೂ ಬಿಟ್ಟರು ನೋಡಿ!) ಈಗ ಇರುವವರು ಸರ್ಟಿಫಿಕೇಟ್ ಕಳಿಸಿ ಅಂದರು. ಕಳಿಸಿದೆ. ಆಮೇಲೆ ಮೌನ. ಮತ್ತೆ ಫೋನ್ ಮಾಡಿದರೆ “ಹಳೇ ಲಿಸ್ಟ್ ಹುಡುಕಬೇಕು ಮೇಡಂ.” ಮತ್ತೊಂದು ವಾರ ಬಿಟ್ಟರೆ “ಸರ್ ಊರಲ್ಲಿಲ್ಲ.”

ಕೊನೆಗೆ ಕೆಲಸ ಆದದ್ದು ಬೇರೆ ದಾರಿಯಲ್ಲಿ. ಅಂದಿನ ವಾಟ್ಸಾಪ್ ಗುಂಪು ನನ್ನ ಫೋನಿನಲ್ಲಿ ಇನ್ನೂ ಇತ್ತು. ಯಾರೂ ಮಾತಾಡದ ಗುಂಪು. “ನಿಮಗೆ ಅಂಕ ಬಂದಿದೆಯಾ?” ಅಂತ ಸುಮ್ನೆ ಒಂದು ಮೆಸೇಜ್ ಹಾಕಿದೆ. ರಾತ್ರಿಯೊಳಗೆ ಒಬ್ಬೊಬ್ಬರಾಗಿ ಎದ್ದುಬಂದರು. ಯಾರಿಗೂ ಬಂದಿರಲಿಲ್ಲ. ಎಲ್ಲರೂ ಸೇರಿ ಒಂದೇ ಪತ್ರ ಬರೆದು, ಎಲ್ಲರ ಸರ್ಟಿಫಿಕೇಟ್ ಲಗತ್ತಿಸಿ, ಸಂಸ್ಥೆಯ ಕಾರ್ಯದರ್ಶಿಯವರಿಗೇ ಕಳಿಸಿದೆವು. ಆಗ ಅಲುಗಾಡಿತು. ನಿಮಗೂ ಹೀಗಾದರೆ ಒಬ್ಬರೇ ಫೋನ್ ಮಾಡುತ್ತಾ ಕೂರಬೇಡಿ, ಜೊತೆಗಿದ್ದವರನ್ನು ಹುಡುಕಿ. ಇನ್ನೊಂದು, ಕಾರ್ಯಕ್ರಮ ಮುಗಿದ ತಿಂಗಳೊಳಗೆ ಖಾತೆ ತೆರೆದು ಅಂಕ ಬಂದಿದೆಯೇ ನೋಡಿ. ಬಂದಿದ್ದರೆ ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ನಾಲ್ಕು ವರ್ಷ ಬಿಟ್ಟು ಕೇಳಿದರೆ ಆ ಕುರ್ಚಿಯಲ್ಲಿ ಬೇರೆಯವರು ಕೂತಿರುತ್ತಾರೆ.

ಅದು ಬಂದರೂ ಅಂಕ ಸಾಲದು. ಹೊಸದಾಗಿ ಕಾರ್ಯಕ್ರಮಗಳಿಗೆ ಹೋಗಲೇಬೇಕು. ನಮ್ಮ ಕಡೆಯವರಿಗೆ ಎರಡು ಜಾಗ ಹತ್ತಿರ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಒಂದು. 1965ರಲ್ಲಿ ಶುರುವಾದದ್ದು, ಕಿವುಡು ಮತ್ತು ಮಾತಿನ ತೊಂದರೆಯ ವಿಷಯದಲ್ಲಿ ದೊಡ್ಡ ಹೆಸರು. ಇನ್ನೊಂದು ದಾವಣಗೆರೆಯಲ್ಲಿರುವ ಕೇಂದ್ರ ಸರ್ಕಾರದ ಸಿಆರ್‌ಸಿ, ಅಂದರೆ ವಿಕಲಚೇತನರಿಗಾಗಿ ಇರುವ ಸಂಯುಕ್ತ ಪ್ರಾದೇಶಿಕ ಕೇಂದ್ರ. ಇವಲ್ಲದೆ ಸ್ಪೆಷಲ್ ಬಿ.ಎಡ್. ಕಾಲೇಜುಗಳು, ದೊಡ್ಡ ಸಂಸ್ಥೆಗಳು ಕೂಡ ನಡೆಸುತ್ತವೆ. ವಾಟ್ಸಾಪ್‌ನಲ್ಲಿ ಬಣ್ಣಬಣ್ಣದ ಪೋಸ್ಟರ್ ಬಂದ ಕೂಡಲೇ ಹಣ ಕಳಿಸಬೇಡಿ. ಪರಿಷತ್ತಿನ ಒಪ್ಪಿಗೆ ಪತ್ರ ಇದೆಯೇ ಕೇಳಿ. ಒಪ್ಪಿಗೆ ಇಲ್ಲದ ಕಾರ್ಯಕ್ರಮದ ಸರ್ಟಿಫಿಕೇಟ್ ಗೋಡೆಗೆ ತೂಗುಹಾಕಲು ಸರಿ, ಅಂಕಕ್ಕೆ ಬರುವುದಿಲ್ಲ.

ಮೊದಲು ಆನ್‌ಲೈನ್ ಒಂದನ್ನು ಹಿಡಿದೆ. ಶುಲ್ಕ ಕಡಿಮೆ, ಊರು ಬಿಡಬೇಕಾಗಿಲ್ಲ. ಆದರೆ ದಿನವಿಡೀ ಕ್ಯಾಮೆರಾ ಆನ್ ಇರಬೇಕು, ನಡುನಡುವೆ ಹಾಜರಿ. ಮಧ್ಯಾಹ್ನ ಕರೆಂಟ್ ಹೋಯಿತು. ಫೋನಿನ ಚಾರ್ಜ್ ನೋಡಿಕೊಂಡು, ಮೊಬೈಲ್ ಡೇಟಾದಲ್ಲಿ ಕೂತೆ. ಹಿಂದೆ ನಮ್ಮತ್ತೆ ಮೊರ ಹಿಡಿದು ಅಕ್ಕಿ ಕೇರುತ್ತಿದ್ದುದು ಇಡೀ ಭಾರತಕ್ಕೆ ಕಂಡಿತು. ಕಲಿತದ್ದು ಅಷ್ಟಕ್ಕಷ್ಟೇ, ನಿಜ ಹೇಳಬೇಕೆಂದರೆ. ಸ್ಲೈಡ್ ಓದುವುದನ್ನು ಕೇಳುವ ಬದಲು ಸ್ಲೈಡನ್ನೇ ಕಳಿಸಬಹುದಿತ್ತು.

ನೇರವಾಗಿ ಹೋಗುವ ಕಾರ್ಯಕ್ರಮ ಹಾಗಲ್ಲ. ಅದು ದಾವಣಗೆರೆಯಲ್ಲಿ ಸಿಕ್ಕಿತು. ಸಿಕ್ಕಿತು ಅನ್ನುವುದೇ ಸರಿ. ಸೀಟು ಬೇಗ ತುಂಬಿಬಿಡುತ್ತದೆ, ಹಿಂದೆ ಒಂದೆರಡು ಕೈತಪ್ಪಿದ್ದವು. ದೊಡ್ಡ ತೊಡಕು ಬಂದದ್ದು ರಜೆಯದು. ಶಾಲೆಯಲ್ಲಿ ಕ್ಲಾಸಿಗೆ ಒಬ್ಬರೇ ಟೀಚರ್, ಒಬ್ಬರು ಆಯಾ. ನಾನು ಹೋದರೆ ಮಕ್ಕಳನ್ನು ಯಾರು ನೋಡುತ್ತಾರೆ? ಮೇಡಂಗೆ ಬಿಡಲು ಮನಸ್ಸಿತ್ತು, ಆಡಳಿತ ಮಂಡಳಿ ಸಂಬಳ ಹಿಡಿಯುವುದಾಗಿ ಹೇಳಿತು. ನನ್ನ ನೋಂದಣಿ ಇಲ್ಲದೆ ಅವರ ಅನುದಾನದ ಫೈಲೇ ಮುಂದೆ ಹೋಗುವುದಿಲ್ಲ. ಆದರೂ ಅದನ್ನು ಉಳಿಸಿಕೊಳ್ಳಲು ನಾನೇ ಸಂಬಳ ಕಳೆದುಕೊಳ್ಳಬೇಕು. ಈ ಲೆಕ್ಕ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಅರಸೀಕೆರೆ ಜಂಕ್ಷನ್‌ನಲ್ಲಿ ರೈಲು ಹತ್ತಿ ಹೋದೆ. ಬರುವಾಗ ಬಸ್ಸು. ಶಕ್ತಿ ಯೋಜನೆ ಇದ್ದದ್ದರಿಂದ ಬಸ್ ಚಾರ್ಜು ಉಳಿಯಿತು. ಅಲ್ಲಿ ಕಲಿಸಿದ್ದು ಮಾತು ಬಾರದ ಮಕ್ಕಳ ಜೊತೆ ಚಿತ್ರದ ಕಾರ್ಡುಗಳಲ್ಲಿ ಸಂವಹನ ಮಾಡುವುದು. ಲೋಟದ ಚಿತ್ರ ಕೊಟ್ಟರೆ ನೀರು ಸಿಗುತ್ತದೆ ಅನ್ನುವುದನ್ನು ಮಗುವಿಗೆ ಹೇಗೆ ತಿಳಿಸಬೇಕು, ಎಲ್ಲಿ ಕೈ ಹಿಡಿಯಬೇಕು, ಎಲ್ಲಿ ಹಿಡಿದ ಕೈ ಬಿಡಬೇಕು ಎಲ್ಲ ಮಾಡಿಸಿದರು. ಒಬ್ಬರು ಮಗುವಾಗಿ ಕೂರುವುದು, ಇನ್ನೊಬ್ಬರು ಟೀಚರ್. ನನ್ನ ಕ್ಲಾಸಿನಲ್ಲಿ ಅದು ಈಗ ಬಳಕೆಯಲ್ಲಿದೆ. ಹೀಗಿದ್ದರೆ ಐದು ವರ್ಷಕ್ಕೆ 100 ಏನು, 200 ಅಂಕ ಕೇಳಿದರೂ ಹೋಗಬಹುದು.

ಉಳಿದುಕೊಳ್ಳಲು ನಾವು ಮೂವರು ಸೇರಿ ಒಂದು ಲಾಡ್ಜ್ ರೂಮ್ ಹಂಚಿಕೊಂಡೆವು. ಒಬ್ಬರು ಬಿಐಇಆರ್‌ಟಿ. ಅಂದರೆ ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಬ್ಲಾಕ್ ಮಟ್ಟದ ವಿಶೇಷ ಸಂಪನ್ಮೂಲ ಶಿಕ್ಷಕಿ. ಶಾಲೆಗೆ ಬರಲಾಗದ ಮಕ್ಕಳ ಮನೆಗೇ ಹೋಗಿ ಗೃಹಾಧಾರಿತ ಶಿಕ್ಷಣ ಕೊಡುವುದು ಅವರ ಕೆಲಸದ ಒಂದು ಭಾಗ. ತೋಟದ ಮನೆಗಳಿಗೆ ಸ್ಕೂಟರ್‌ನಲ್ಲಿ ಹೋಗಬೇಕು, ಗುತ್ತಿಗೆ ಕೆಲಸ. ಇನ್ನೊಬ್ಬರು ಮೊದಲು ನಮ್ಮ ಹಾಗೆ ವಿಶೇಷ ಶಾಲೆಯಲ್ಲಿದ್ದವರು. ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪಾಸ್ ಮಾಡಿಕೊಂಡು ಸಾಮಾನ್ಯ ಶಾಲೆ ಸೇರಿದ್ದಾರೆ. ಸ್ಪೆಷಲ್ ಡಿ.ಎಡ್., ಸ್ಪೆಷಲ್ ಬಿ.ಎಡ್. ಆದವರೂ ಟಿಇಟಿ ಬರೆಯಬಹುದು, ಕೆಲಸ ಸಿಕ್ಕ ಮೇಲೆ ಆರು ತಿಂಗಳ ತರಬೇತಿ ಮಾಡಬೇಕು ಅಷ್ಟೇ. ಅವರು ಹೇಳಿದ ಮಾತು ಮರೆಯುವುದಿಲ್ಲ. “ಇಲ್ಲಿ ಎಂಟು ಮಕ್ಕಳಿದ್ರು, ಅಲ್ಲಿ ನಲವತ್ತು. ಆದ್ರೂ ಅಲ್ಲೇ ಸುಲಭ ಕಣ್ರೀ. ಸಂಜೆ ಮನೆಗೆ ಹೋದ್ಮೇಲೆ ಯಾರೂ ನನ್ನ ತಲೆಯಲ್ಲಿ ಇರಲ್ಲ.” ಹಾಗಾದರೆ ಇಲ್ಲಿಗೆ ಯಾಕೆ ಬಂದಿರಿ ಅಂದೆ. “ರಿಜಿಸ್ಟ್ರೇಷನ್ ಸಾಯಿಸೋಕೆ ಮನಸ್ಸು ಬರಲ್ಲ” ಅಂದರು.

ಆ ರಾತ್ರಿಯ ಮಾತೆಲ್ಲ ಸುಪ್ರೀಂ ಕೋರ್ಟ್ ಸುತ್ತಲೇ ಇತ್ತು. ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ 2021ರ ಅಕ್ಟೋಬರ್‌ನಲ್ಲಿ ಬಂದ ತೀರ್ಪು ನೆನಪಿರಬಹುದು. ಪ್ರಾಥಮಿಕ ಹಂತದಲ್ಲಿ ಪ್ರತಿ 10 ವಿಶೇಷ ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು, ಅದರ ಮೇಲಿನ ಹಂತಗಳಲ್ಲಿ ಪ್ರತಿ 15 ಮಕ್ಕಳಿಗೆ ಒಬ್ಬರು. ಅದೇ ಪ್ರಕರಣದಲ್ಲಿ 2025ರ ಮಾರ್ಚ್ 7ರಂದು ಮತ್ತೊಂದು ಆದೇಶ ಬಂತು. ರಾಜ್ಯಗಳು ಹುದ್ದೆಗಳನ್ನು ಅಧಿಸೂಚಿಸಬೇಕು, ಗುತ್ತಿಗೆಯಲ್ಲಿ ದುಡಿಯುತ್ತಿರುವ ಅರ್ಹ ಶಿಕ್ಷಕರನ್ನು ಸಮಿತಿಯೊಂದು ಪರಿಶೀಲಿಸಬೇಕು ಅಂತ. ಬಿಐಇಆರ್‌ಟಿ ಅಕ್ಕ ಅದರ ಪಿಡಿಎಫ್ ಅನ್ನು ಫೋನಿನಲ್ಲೇ ಇಟ್ಟುಕೊಂಡಿದ್ದರು. ಆ ಸಮಿತಿಯಲ್ಲಿ ಆರ್‌ಸಿಐ ಕಡೆಯವರೂ ಒಬ್ಬರು ಇರುತ್ತಾರೆ. ಹಾಗಾಗಿ ಗುತ್ತಿಗೆಯಲ್ಲಿ ಇರುವವರು ಯಾವ ಕಾರಣಕ್ಕೂ ನೋಂದಣಿಯ ಅವಧಿ ಮುಗಿಯಲು ಬಿಡಬೇಡಿ. ಪರಿಶೀಲನೆಯ ದಿನ “ಅರ್ಜಿ ಹಾಕಿದ್ದೇನೆ” ಅನ್ನುವುದಕ್ಕೂ “ಇಗೋ” ಅನ್ನುವುದಕ್ಕೂ ಬಹಳ ವ್ಯತ್ಯಾಸ.

ಇದೆಲ್ಲ ಸರ್ಕಾರಿ ಶಾಲೆಗಳ ಮಾತು. ನಮ್ಮಂಥ ಸಂಸ್ಥೆಯ ಶಾಲೆಯವರಿಗೆ ಅಲ್ಲಿಂದ ನೇರವಾಗಿ ಏನೂ ಇಲ್ಲ. ಸರ್ಕಾರಿ ಹುದ್ದೆಗಳು ತುಂಬಿದಾಗ ನಮ್ಮ ಶಾಲೆಗಳಿಂದಲೇ ಟೀಚರ್‌ಗಳು ಎದ್ದು ಹೋಗುತ್ತಾರೆ. ಹೋಗಲಿ, ಅವರಿಗೆ ಒಳ್ಳೆಯದಾಗಲಿ. ಆದರೆ ಇಲ್ಲಿನ ಮಕ್ಕಳಿಗೆ ಯಾರು?

ವಾಪಸ್ ಬಂದ ಮಾರನೆಯ ದಿನದ ಒಂದು ವಿಷಯ ಹೇಳಬೇಕು. ನನ್ನ ಕ್ಲಾಸಿನಲ್ಲಿ ಡೌನ್ ಸಿಂಡ್ರೋಮ್ ಇರುವ ಒಬ್ಬ ಹುಡುಗ ಅಂಗಿ ಗುಂಡಿ ಹಾಕುವುದನ್ನು ಕಲಿಯುತ್ತಿದ್ದಾನೆ. ನಾವು ಅದನ್ನು ಕೊನೆಯ ಹೆಜ್ಜೆಯಿಂದ ಹಿಂದಕ್ಕೆ ಕಲಿಸುತ್ತೇವೆ. ಗುಂಡಿಯನ್ನು ನಾನು ಕಾಜಾದಲ್ಲಿ ಅರ್ಧ ತೂರಿಸಿ ಹಿಡಿದಿರುತ್ತೇನೆ. ಮಿಕ್ಕ ಅರ್ಧವನ್ನು ಅವನು ಎಳೆದುಕೊಳ್ಳಬೇಕು. ಅದು ಬಂದ ಮೇಲೆ ತೂರಿಸುವುದು, ಆಮೇಲೆ ಕಾಜಾ ಹುಡುಕುವುದು. ನಾನು ಹೋಗುವ ಹೊತ್ತಿಗೆ ಅವನು ಕೆಳಗಿನ ಗುಂಡಿಯನ್ನು ತಾನೇ ತೂರಿಸುವ ಹಂತಕ್ಕೆ ಬಂದಿದ್ದ. ನಾನಿಲ್ಲದ ದಿನಗಳಲ್ಲಿ ಆಯಾ ಪಾಪ, ಎಲ್ಲ ಮಕ್ಕಳನ್ನೂ ಒಬ್ಬರೇ ನೋಡಬೇಕಿತ್ತಲ್ಲ, ಅವನಿಗೆ ಪಟಪಟ ಅಂತ ಗುಂಡಿ ಹಾಕಿ ಕಳಿಸಿದ್ದಾರೆ. ನಾನು ಅಂಗಿ ಮುಂದೆ ಹಿಡಿದರೆ ಹುಡುಗ ಕೈ ಎರಡೂ ಇಳಿಬಿಟ್ಟು, ಗಲ್ಲ ಮೇಲೆತ್ತಿ ನಿಂತ. ಹಾಕು ಅಂತ. ಮತ್ತೆ ಅರ್ಧ ಗುಂಡಿಯಿಂದ ಶುರು ಮಾಡಬೇಕಾಯಿತು. ನಾಲ್ಕು ದಿನ ಟೀಚರ್ ಇಲ್ಲದಿದ್ದರೆ ಹೀಗೆ. ಟೀಚರ್ ಕೆಲಸವನ್ನೇ ಬಿಟ್ಟು ಹೋದರೆ, ಬಂದ ಹೊಸಬರು ಆರು ತಿಂಗಳಲ್ಲಿ ಮತ್ತೆ ಬಿಟ್ಟರೆ? ವೈಯಕ್ತಿಕ ಶಿಕ್ಷಣ ಯೋಜನೆಯ ಫೈಲಿನಲ್ಲಿ ಎಲ್ಲ ಬರೆದಿರುತ್ತೇವೆ, ನಿಜ. ಯಾವ ಮಗುವಿಗೆ ಯಾವ ಕಡೆಯಿಂದ ಕೈ ಹಿಡಿದರೆ ಕೋಪ ಬರುತ್ತದೆ ಅನ್ನುವುದು ಅದರಲ್ಲಿ ಪೂರ್ತಿ ಬರುವುದಿಲ್ಲ.

ಅಂಕ ನೂರು ದಾಟಿದ ಮೇಲೆ ಅರ್ಜಿ. ಎಲ್ಲ ಆನ್‌ಲೈನ್. ಹಳೆಯ ಆರ್‌ಸಿಐ ಸರ್ಟಿಫಿಕೇಟ್, ಡಿಪ್ಲೊಮಾ ಮತ್ತು ಅಂಕಪಟ್ಟಿಗಳು, ಆಧಾರ್, ಫೋಟೋ, ಸಹಿ ಎಲ್ಲ ಸ್ಕ್ಯಾನ್ ಮಾಡಿ ಇಟ್ಟುಕೊಂಡೇ ಕೂರಿ. ಫೋಟೋ, ಸಹಿ ಎಷ್ಟು ಕೆಬಿ ಒಳಗೆ ಇರಬೇಕು ಅನ್ನುವುದನ್ನು ಮೊದಲೇ ನೋಡಿಕೊಳ್ಳಿ. ನಾನು ಸೈಬರ್ ಸೆಂಟರ್‌ನಲ್ಲಿ ಮಾಡಿಸಿದೆ. ಅಲ್ಲಿನ ಹುಡುಗ ಚುರುಕು, ಆದರೆ ಅವನ ಮೊಬೈಲ್ ನಂಬರ್, ಅವನ ಮೇಲ್ ಹಾಕಲು ಹೊರಟಿದ್ದ. ಬೇಡಪ್ಪಾ ಅಂದೆ. ಇಂಥ ಅರ್ಜಿಯಲ್ಲಿ ನಿಮ್ಮದೇ ನಂಬರ್, ನಿಮ್ಮದೇ ಮೇಲ್ ಇರಲಿ, ಪಾಸ್‌ವರ್ಡ್ ಬರೆದಿಟ್ಟುಕೊಳ್ಳಿ. ಮುಂದೆ ಬರುವ ಪ್ರಶ್ನೆಗಳೆಲ್ಲ ಅಲ್ಲಿಗೇ ಬರುತ್ತವೆ.

ನನಗೆ ಪ್ರಶ್ನೆ ಬಂತು. ಹೆಸರಿನದು. ನಮ್ಮ ಕಡೆ ಇದು ಮಾಮೂಲಿ ಕತೆ. ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಊರು ಮತ್ತು ಅಪ್ಪನ ಇನಿಷಿಯಲ್. ಡಿಪ್ಲೊಮಾದಲ್ಲಿ ಇನಿಷಿಯಲ್ ಹಿಂದೆ. ಮದುವೆಯಾದ ಮೇಲೆ ಮಾಡಿಸಿದ ಆಧಾರ್ ತಿದ್ದುಪಡಿಯಲ್ಲಿ ಗಂಡನ ಹೆಸರು ಪೂರ್ತಿಯಾಗಿ. ಮೂರೂ ನಾನೇ. ದೆಹಲಿಯಲ್ಲಿ ಕೂತು ಕಾಗದ ನೋಡುವವರಿಗೆ ಅದು ಮೂರು ಜನರ ಹಾಗೆ ಕಾಣುವುದು ಸಹಜವೇ. ಛಾಪಾ ಕಾಗದದಲ್ಲಿ ಅಫಿಡವಿಟ್ ಬರೆಸಿ, ನೋಟರಿ ಮಾಡಿಸಿ, ಜೊತೆಗೆ ಮದುವೆ ನೋಂದಣಿ ಪತ್ರ ಹಾಕಿದೆ. ಮದುವೆ ನೋಂದಣಿ ಮಾಡಿಸಿಲ್ಲದವರು ಈಗಲೇ ಮಾಡಿಸಿಕೊಳ್ಳಿ. ಇದಕ್ಕೆ ಮಾತ್ರ ಅಲ್ಲ, ಎಲ್ಲದಕ್ಕೂ ಬೇಕಾಗುತ್ತದೆ.

ಆಮೇಲೆ ಕಾಯುವುದು. ಬೆಳಿಗ್ಗೆ ಎದ್ದ ಕೂಡಲೇ ಮೇಲ್ ನೋಡುವ ಅಭ್ಯಾಸ ಶುರುವಾಯಿತು. ಈ ಹೊತ್ತಿನಲ್ಲೇ ಪಕ್ಕದ ಕ್ಲಾಸಿನ ಟೀಚರ್ ಬಿಟ್ಟದ್ದು. ಅವರಿಗೆ ಅಂಕ ನನಗಿಂತ ಕಡಿಮೆ ಇತ್ತು. ಚಿಕ್ಕ ಮಗು ಬೇರೆ, ಊರು ಬಿಟ್ಟು ಮೂರು ದಿನ ಹೋಗಿ ಇರುವ ಹಾಗಿರಲಿಲ್ಲ. ಊರಿನ ಒಂದು ನರ್ಸರಿ ಶಾಲೆಯಲ್ಲಿ ಹೆಚ್ಚುಕಡಿಮೆ ಅಷ್ಟೇ ಸಂಬಳ, ತಿಂಗಳು ತಿಂಗಳು ಕೈಗೆ ಬರುತ್ತದೆ. ಹೋಗುವ ದಿನ ಅವರ ಕ್ಲಾಸಿನ ಮಕ್ಕಳನ್ನು ಉಳಿದ ಕ್ಲಾಸುಗಳಿಗೆ ಹಂಚಿದರು. ನನ್ನ ಕೋಣೆಗೂ ಬಂದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಹೊಟ್ಟೆಕಿಚ್ಚು ಬಂತು, ಸ್ವಲ್ಪ.

ಜನ ನಮ್ಮನ್ನು ಕಂಡರೆ “ನಿಮಗೆಷ್ಟು ತಾಳ್ಮೆ! ದೇವರ ಕೆಲಸ” ಅನ್ನುತ್ತಾರೆ. ಈ ಮಾತು ಕೇಳಿದರೆ ಈಗೀಗ ಮೈಯೆಲ್ಲ ಉರಿಯುತ್ತದೆ. ತಾಳ್ಮೆ ಇಲ್ಲದೆ ಯಾರೂ ಬಿಟ್ಟು ಹೋಗುತ್ತಿಲ್ಲ. ಮಕ್ಕಳ ಕಾಟಕ್ಕೆ ಬಿಟ್ಟವರನ್ನು ನಾನು ನೋಡಿಯೇ ಇಲ್ಲ. ಸಂಬಳ, ಕಾಗದ, ರಜೆ, ನಾಳೆ ಏನು ಅನ್ನುವ ಚಿಂತೆ, ಇವಕ್ಕೆ ಬಿಟ್ಟವರೇ ಎಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳ ಪಟ್ಟಿ ಇದೆ, 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಇದೆ, ಶಿಕ್ಷಕರನ್ನು ತರಬೇತುಗೊಳಿಸಿ ನೇಮಿಸಬೇಕು ಅಂತಲೂ ಇದೆ. ನೇಮಿಸಿದವರು ನಿಲ್ಲುವ ಹಾಗೆ ನೋಡಿಕೊಳ್ಳುವವರು ಯಾರು ಅನ್ನುವುದೇ ಪ್ರಶ್ನೆ.

ದಸರಾ ರಜೆ ಮುಗಿಸಿ ಶಾಲೆ ತೆರೆದ ಮೇಲೆ ಒಂದು ಮಧ್ಯಾಹ್ನ ಮೇಲ್ ಬಂತು. ಮಕ್ಕಳಿಗೆ ಊಟ ಬಡಿಸುತ್ತಿದ್ದೆ, ಕೈ ತೊಳೆದುಕೊಂಡು ನೋಡಿದೆ. ನವೀಕರಣ ಆಗಿದೆ. ಮೇಡಂಗೆ ತೋರಿಸಿದೆ. “ಎರಡು ಜೆರಾಕ್ಸ್ ತೆಗೆದು ಫೈಲಿಗೆ ಹಾಕಮ್ಮ” ಅಂದರು.

ಖರ್ಚಿನ ಲೆಕ್ಕ ಎಲ್ಲರೂ ಕೇಳುತ್ತಾರೆ. ಅರ್ಜಿಯ ಶುಲ್ಕ ದೊಡ್ಡ ಹೊರೆಯಲ್ಲ. ಕಾರ್ಯಾಗಾರಗಳ ಶುಲ್ಕ, ಲಾಡ್ಜು, ಊಟ, ರೈಲು, ಅಫಿಡವಿಟ್, ಸೈಬರ್ ಸೆಂಟರ್, ಎಲ್ಲಕ್ಕಿಂತ ಹೆಚ್ಚಾಗಿ ಹಿಡಿದ ಸಂಬಳ ಸೇರಿಸಿದರೆ ನನಗೆ ತಿಂಗಳ ಸಂಬಳದ ಮುಕ್ಕಾಲು ಪಾಲು ಹೋಯಿತು. ಐದು ವರ್ಷಕ್ಕೆ ಹಂಚಿಕೊಂಡಿದ್ದರೆ ಇಷ್ಟು ಬಿಸಿ ತಟ್ಟುತ್ತಿರಲಿಲ್ಲ. ವರ್ಷಕ್ಕೆ 20 ಅಂಕದಂತೆ ಹೋಗಿ ಅನ್ನುವುದು ಅದಕ್ಕೇ.

ಫೈಲಿಗೆ ಜೆರಾಕ್ಸ್ ಹಾಕಿದ ವಾರವೇ ಆಡಳಿತ ಮಂಡಳಿಗೆ ಒಂದು ಅರ್ಜಿ ಕೊಟ್ಟೆವು, ಉಳಿದ ಟೀಚರ್‌ಗಳೆಲ್ಲ ಸಹಿ ಹಾಕಿ. ಕೇಳಿದ್ದು ಎರಡೇ. ಸಿಆರ್‌ಇಗೆ ಹೋದ ದಿನಗಳನ್ನು ಓಓಡಿ (ರಜೆಯಲ್ಲ, ಕೆಲಸದ ಮೇಲೆ ಹೋದ ದಿನ) ಅಂತ ಪರಿಗಣಿಸಬೇಕು, ಶುಲ್ಕವನ್ನು ಶಾಲೆ ಕಟ್ಟಬೇಕು. ಓಓಡಿಗೆ ಒಪ್ಪಿದರು. ಶುಲ್ಕದ ಮಾತು ಮುಂದಿನ ಸಭೆಗೆ ಹೋಗಿದೆ. ನಿಮ್ಮ ಶಾಲೆಯಲ್ಲೂ ಕೇಳುವುದಾದರೆ ಬಾಯಿಮಾತಿನಲ್ಲಿ ಕೇಳಬೇಡಿ. ಪ್ರತಿ ಟೀಚರ್‌ನ ನೋಂದಣಿ ಯಾವತ್ತು ಮುಗಿಯುತ್ತದೆ, ಈಗ ಅಂಕ ಎಷ್ಟಿದೆ ಅನ್ನುವ ಪಟ್ಟಿಯನ್ನು ಅರ್ಜಿಗೆ ಲಗತ್ತಿಸಿ. ನಮ್ಮಲ್ಲಿ ಕೆಲಸ ಮಾಡಿದ್ದು ಆ ಪಟ್ಟಿಯೇ. ಮುಂದಿನ ವರ್ಷ ಮುಗಿಯುವವರ ಹೆಸರು ಅದರಲ್ಲಿ ಇನ್ನೂ ಎರಡು ಇದ್ದವು.